ಸಫರಿಂಗ್, ಹಾರ್ಡ್‌ಶಿಪ್, ಟ್ರಿಬ್ಯುಲೇಶನ್, ಆರ್ಡೀಲ್: ಯಾವ ಕಷ್ಟಕ್ಕೆ ಯಾವ ಪದ?

ಲ್ಯಾಟಿನ್ನಿನಲ್ಲಿ ‘ಕೆಳಗಿನಿಂದ ಹೊರು’ ಎಂಬ ಅರ್ಥವಿದ್ದ ಕ್ರಿಯಾಪದದಿಂದ ಬಂದ ‘ಸಫರಿಂಗ್’ ನೋವನ್ನು ಹೊತ್ತವರ ಅನುಭವವನ್ನು ಹೇಳಿದರೆ, ಅಚ್ಚ ಇಂಗ್ಲಿಷ್ ಬೇರಿನ ‘ಹಾರ್ಡ್‌ಶಿಪ್’ ಬಡತನ, ಬರಗಾಲಗಳಂಥ ಹೊರಗಿನ ಸ್ಥಿತಿಯನ್ನು ಹೇಳುತ್ತದೆ. ‘ಟ್ರಿಬ್ಯುಲೇಶನ್’ ಪದದ ಬೇರು ರೋಮನ್ನರ ಒಕ್ಕಣೆಯ ಕಣದಲ್ಲಿದೆ: ಅಡಿಯಲ್ಲಿ ಚೂಪು ಕಲ್ಲುಗಳನ್ನೋ ಕಬ್ಬಿಣದ ಮೊನೆಗಳನ್ನೋ ನಾಟಿದ ‘ಟ್ರಿಬ್ಯುಲಮ್’ ಎಂಬ ಹಲಗೆಯನ್ನು ಎತ್ತುಗಳು ತೆನೆಯ ಮೇಲೆ ಎಳೆಯುತ್ತಿದ್ದವು, ನಮ್ಮ ರೋಣಗಲ್ಲನ್ನು ಕಂಡವರಿಗೆ ಆ ಚಿತ್ರ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದ್ದರಿಂದ ಮತ್ತೆ ಮತ್ತೆ ಅರೆಯುವ ದೀರ್ಘ ಸಂಕಟಕ್ಕೇ ಅದನ್ನು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ‘ಆರ್ಡೀಲ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ತೀರ್ಪು. ಆರೋಪಿಯ ಕೈಗೆ ಕಾದ ಕಬ್ಬಿಣ ಕೊಟ್ಟು ನಡೆಸುತ್ತಿದ್ದ, 1215ರಲ್ಲಿ ಚರ್ಚಿನ ಮಹಾಸಭೆ ಪಾದ್ರಿಗಳಿಗೆ ನಿಷೇಧಿಸಿದ ದಿವ್ಯಪರೀಕ್ಷೆಗೆ ಇದೇ ಹೆಸರಿತ್ತು. ಮೊದಲು ಕೊನೆಗಳಿರುವ, ದಾಟಿ ಬಂದ ಕಷ್ಟವಾದರೆ ಈ ಪದವನ್ನೇ ಆರಿಸಿ.