ಸೂರ್ಯ ನಮಸ್ಕಾರ, ಯೋಗನಿದ್ರೆ, ಮೂಗಿನ ಉಸಿರು: ಜೆರಾಕ್ಸ್ ಅಂಗಡಿಯಲ್ಲಿ ಮೂರು ತಿಂಗಳ ಪರೀಕ್ಷೆ

ಹಾಸನದ ಬಿ.ಎಂ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಅಂಗಡಿ. ಅರ್ಜಿಗೆ ಕೊನೇ ದಿನ ಅಂದರೆ ನಮ್ಮಲ್ಲಿ ಜಾತ್ರೆ. ಓಟಿಪಿ ಬರುವುದಿಲ್ಲ. ಬಂದರೂ ಅದು ಬೆಂಗಳೂರಿನಲ್ಲಿರುವ ಗಿರಾಕಿಯ ಮಗನ ಫೋನಿಗೆ. ಸರ್ವರ್ ಸುತ್ತುತ್ತಲೇ ಇರುತ್ತದೆ. ಎದುರಿಗೆ ಹದಿನೈದು ಜನ ನನ್ನ ಮುಖ ನೋಡುತ್ತಾ ನಿಂತಿರುತ್ತಾರೆ, ಸರ್ವರನ್ನು ನಾನೇ ಹಿಡಿದಿಟ್ಟುಕೊಂಡ ಹಾಗೆ. ಸಂಜೆಗೆ ಹೆಗಲು ಕಲ್ಲಾಗಿರುತ್ತದೆ, ಹಲ್ಲು ಕಚ್ಚಿ ಕಚ್ಚಿ ದವಡೆ ನೋವು.

ಹೋದ ಡಿಸೆಂಬರಿನಲ್ಲಿ ಒಬ್ಬ ಅಜ್ಜನ ಮೇಲೆ ರೇಗಿಬಿಟ್ಟೆ. ಪಾಣಿ ತೆಗೆಸಲು ಬಂದಿದ್ದರು, ಸರ್ವೆ ನಂಬರ್ ಮರೆತಿದ್ದರು, ಅಷ್ಟೇ. "ಬೈಬೇಡ ಕಣವ್ವ, ಮನೇಲಿ ಕೇಳ್ಕಂಡು ಬತ್ತೀನಿ" ಅಂದು ಹೊರಟರು. ರಾತ್ರಿ ಊಟ ಸೇರಲಿಲ್ಲ.

ಯೋಗ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಯಾವ ಯೋಗ ಅಂತ ಯಾರೂ ಹೇಳುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ತಿಂಗಳಿಗೊಂದರಂತೆ ಮೂರು ಬಗೆ ಮಾಡಿ ನೋಡಿದೆ. ಅಂಗಡಿಯ ಹುಡುಗಿಗೆ ಒಂದು ಕೆಲಸ ಕೊಟ್ಟೆ: ನಾನು ಗಿರಾಕಿ ಮೇಲೆ ದನಿ ಏರಿಸಿದಾಗಲೆಲ್ಲ ವೇಸ್ಟ್ ಆದ ಎ4 ಹಾಳೆಯ ಹಿಂದೆ ಒಂದು ಗೀಟು ಹಾಕಬೇಕು. ಬಹಳ ಖುಷಿಯಿಂದ ಒಪ್ಪಿಕೊಂಡಳು. ಶುರು ಮಾಡುವ ಮುಂಚಿನ ವಾರ ದಿನಕ್ಕೆ ಐದರ ಹತ್ತಿರ ಬಂದಿತ್ತು.

ಮೊದಲ ತಿಂಗಳು ಬೆಳಿಗ್ಗೆ ಸೂರ್ಯ ನಮಸ್ಕಾರದ ಕ್ಲಾಸು. 5:45ಕ್ಕೆ ಶುರು, ತಿಂಗಳಿಗೆ 800 ರೂಪಾಯಿ. ಜನವರಿಯ ಹಾಸನದಲ್ಲಿ ಆ ಹೊತ್ತಿಗೆ ಎದುರಿಗೆ ಬರುವ ಹಾಲಿನ ಗಾಡಿಯ ಲೈಟು ಬಿಟ್ಟು ಬೇರೇನೂ ಕಾಣುವುದಿಲ್ಲ. ಮ್ಯಾಟ್ ಮೇಲೆ ಕಾಲಿಟ್ಟರೆ ಮಂಜುಗಡ್ಡೆ. ಮೇಷ್ಟ್ರು ಮಾತ್ರ ಉತ್ಸಾಹದ ಬುಗ್ಗೆ. ಯೋಗಗುರು ಪಟ್ಟಾಭಿ ಜೋಯಿಸರ ಕಥೆ ಅವರಿಗೆ ಬಾಯಿಪಾಠ. ಜೋಯಿಸರು ಹುಟ್ಟಿದ್ದು 1915ರಲ್ಲಿ, ಇಲ್ಲೇ ಹತ್ತಿರದ ಕೌಶಿಕದಲ್ಲಿ. 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರು ಅನ್ನುವ ಯೋಗದ ಗುರುಗಳು ಆಸನ ಮಾಡಿ ತೋರಿಸಿದ್ದನ್ನು ನೋಡಿ ಅವರ ಹಿಂದೆ ಬಿದ್ದರಂತೆ. ಆಮೇಲೆ ಮೈಸೂರಿಗೆ ಹೋಗಿ, ಉಸಿರಿನ ಲೆಕ್ಕಕ್ಕೆ ಆಸನ ಜೋಡಿಸುವ ಅಷ್ಟಾಂಗ ಪದ್ಧತಿಯನ್ನು ವಿದೇಶದವರಿಗೂ ಕಲಿಸಿದರು. 12 ವರ್ಷದ ಹುಡುಗನಿಗೆ ಹಿಡಿದ ಹುಚ್ಚು 43ರ ನನಗೂ ಹಿಡಿಯಬೇಕು ಅನ್ನುವುದು ಮೇಷ್ಟ್ರ ಆಸೆ.

ಒಂದು ಮಾತು ಒಪ್ಪಬೇಕು. ಕೈ ಎತ್ತುವಾಗ ಉಸಿರು ಒಳಗೆ, ಬಗ್ಗುವಾಗ ಹೊರಗೆ, ಹೀಗೆ ಹನ್ನೆರಡು ಭಂಗಿ ದಾಟುವಷ್ಟರಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಎರಡನೇ ವಾರಕ್ಕೆ ಹೆಗಲು ಸಡಿಲವಾಯಿತು. ಕುರ್ಚಿಯಿಂದ ಏಳುವಾಗ "ಅಮ್ಮಾ" ಅನ್ನುವುದು ನಿಂತಿತು.

ಆದರೆ ಗೀಟು? ಬೆಳಿಗ್ಗೆ 11ರವರೆಗೆ ಸೊನ್ನೆ. ಆಮೇಲೆ ಯಥಾಪ್ರಕಾರ. ಜೊತೆಗೆ ಕ್ಲಾಸೇ ಒಂದು ಹೊಸ ಗಡಿಬಿಡಿಯಾಯಿತು. ಕೊನೆಯಲ್ಲಿ ಶವಾಸನ ಮಾಡಿಸುತ್ತಾರೆ. ನಾನು ಮಲಗಿಕೊಂಡು ಮಗನ ಡಬ್ಬಿಗೆ ಚಿತ್ರಾನ್ನವೋ ಉಪ್ಪಿಟ್ಟೋ ಅಂತ ಯೋಚಿಸುತ್ತಿದ್ದೆ.

ಎರಡನೇ ತಿಂಗಳು ಯೋಗನಿದ್ರೆ. ಈಗಿನ ರೂಪದ ಯೋಗನಿದ್ರೆಯನ್ನು ಜನಕ್ಕೆ ಮುಟ್ಟಿಸಿದವರು ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ. ಮಾಡುವುದೇನೂ ಇಲ್ಲ. ಅಂಗಾತ ಮಲಗಿ, ದನಿ ಹೇಳಿದ ಕಡೆ ಮನಸ್ಸು ಒಯ್ಯುವುದು. ಬಲಗೈ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು… ಹೀಗೆ ಮೈಯೆಲ್ಲ ಸುತ್ತಬೇಕು, ನಿದ್ದೆ ಮಾತ್ರ ಹೋಗಬಾರದು. ನಾನು ಒಂದು ದಿನವೂ ಎಡಗಾಲು ಮುಟ್ಟಿದವಳಲ್ಲ. ಬಲಮೊಣಕಾಲಿಗೇ ಗೊರಕೆ ಅಂತ ನಮ್ಮ ಯಜಮಾನರ ವರದಿ. ಫೋನಿನಲ್ಲಿ ಪುಕ್ಕಟೆ ಆಡಿಯೋ ಹಾಕಿಕೊಂಡಿದ್ದೆ. ಒಂದು ರಾತ್ರಿ ಹೊಟ್ಟೆಯವರೆಗೆ ಬಂದಿದ್ದಾಗ ಸಾಲದ ಜಾಹೀರಾತು ಕಿರುಚಿತು. ಎದೆ ಧಸಕ್ಕೆಂದಿತು.

ಆದರೂ ನಿದ್ದೆಯ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಮೂರು ಗಂಟೆಗೆ ಎಚ್ಚರವಾಗಿ ಬಾಡಿಗೆ ಲೆಕ್ಕ ಹಾಕುವುದು ಕಮ್ಮಿಯಾಯಿತು. ನಿದ್ದೆ ಸರಿಯಾದ ಮೇಲೆ ಗೀಟು ಮೂರಕ್ಕೆ ಇಳಿಯಿತು. ಬೆವರು ಸುರಿಸಿದ ಕ್ಲಾಸಿಗಿಂತ ಗೊರಕೆ ಹೊಡೆದದ್ದೇ ಜಾಸ್ತಿ ಕೆಲಸ ಮಾಡಿತು ಅಂದರೆ ಮೇಷ್ಟ್ರಿಗೆ ಬೇಜಾರಾಗಬಹುದು.

ಮೂರನೆಯದು ನಾಡಿಶೋಧನ, ಅಂಗಡಿಯ ಕುರ್ಚಿಯಲ್ಲೇ. ಬಲಗೈ ಹೆಬ್ಬೆರಳಿನಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ಎಳೆದುಕೊಳ್ಳುವುದು, ಉಂಗುರದ ಬೆರಳಿನಿಂದ ಎಡಹೊಳ್ಳೆ ಮುಚ್ಚಿ ಬಲದಿಂದ ಬಿಡುವುದು. ಆಮೇಲೆ ಬಲದಿಂದ ಎಳೆದು ಎಡದಿಂದ ಬಿಡುವುದು. ಎಳೆಯಲು ನಾಲ್ಕು ಎಣಿಕೆ, ಬಿಡಲು ಎಂಟು. ಗುಟ್ಟು ಇರುವುದು ಆ ಎಂಟರಲ್ಲಿ. ಉಸಿರು ಎಳೆಯುವಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಬಿಡುವುದನ್ನು ಉದ್ದ ಮಾಡಿದರೆ ಮೈ ತಾನಾಗಿ ತಣ್ಣಗಾಗುತ್ತಾ ಬರುತ್ತದೆ. ಉಸಿರು ಹಿಡಿದು ನಿಲ್ಲಿಸುವ ಗೋಜಿಗೆ ನಾನು ಹೋಗಲಿಲ್ಲ. ಬಿ.ಪಿ. ಇರುವವರು ಡಾಕ್ಟರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು.

ಮೊದಲ ವಾರ ನಾಚಿಕೆ. ಗಿರಾಕಿಗಳ ಎದುರಿಗೆ ಮೂಗು ಹಿಡಿದು ಕೂತರೆ ಏನಂದುಕೊಂಡಾರು? ಒಬ್ಬರು "ನೆಗಡಿನಾ ಅಕ್ಕ?" ಅಂದರು. ಜನ ಜಾಸ್ತಿ ಇದ್ದಾಗ ಕೈ ಬಿಟ್ಟು ಭ್ರಾಮರಿ ಮಾಡಿದೆ. ಕಿವಿ ಮುಚ್ಚಿಕೊಳ್ಳದೆ, ಬಾಯಿ ಮುಚ್ಚಿ, ಉಸಿರು ಬಿಡುತ್ತಾ ದುಂಬಿಯ ಹಾಗೆ ಗುಂಯ್ ಅನ್ನುವುದು. ಜೆರಾಕ್ಸ್ ಮೆಷಿನ್ನಿನ ಸದ್ದಿನಲ್ಲಿ ಅದು ಕಲೆತು ಹೋಗುತ್ತದೆ. ಒಮ್ಮೆ ಕರೆಂಟು ಹೋಯಿತು, ಮೆಷಿನ್ ನಿಂತಿತು, ನಾನು ನಿಲ್ಲಲಿಲ್ಲ. ಎದುರಿಗಿದ್ದ ಹುಡುಗ ಮೆಷಿನ್ ಕಡೆ ಬಗ್ಗಿ ನೋಡಿ, "ಇನ್ನೂ ಓಡ್ತಾ ಇದೆ ಮೇಡಂ" ಅಂದ.

ಇದರಿಂದ ಹೆಗಲು ನೋವು ಹೋಗಲಿಲ್ಲ, ನಿದ್ದೆಯೂ ಅಷ್ಟಕ್ಕಷ್ಟೇ. ಆದರೆ ಸಿಟ್ಟು ಬರುವ ಹೊತ್ತಿನಲ್ಲೇ ಕೈಗೆ ಸಿಗುವುದು ಇದೊಂದೇ. ಸರ್ವರ್ ಕೈಕೊಟ್ಟಾಗ ಕಾಲು ಚಾಚಿ ಮಲಗಲು ಆಗುತ್ತದಾ? ಬಗ್ಗಿ ನೆಲ ಮುಟ್ಟಲು ಆಗುತ್ತದಾ? ಓಟಿಪಿ ಕಾಯುವ ಎರಡು ನಿಮಿಷ ಮುಂಚೆ ಕುದಿಯುವ ಸಮಯವಾಗಿತ್ತು, ಈಗ ಉಸಿರಿನ ಸಮಯ. ಆ ತಿಂಗಳು ಒಂದೂ ಗೀಟಿಲ್ಲದ ದಿನ ಆರು ಸಿಕ್ಕವು. ಹುಡುಗಿಗೆ ನಿರಾಸೆ.

ನನ್ನ ಹಾಗೆ ಕೌಂಟರ್ ಹಿಂದೆ ಕೂರುವವರು ಒಂದನ್ನೇ ಆರಿಸಬೇಕಾದರೆ ಉಸಿರಿನದನ್ನೇ ಆರಿಸಿ. ದುಡ್ಡು ಬೇಡ, ಮ್ಯಾಟ್ ಬೇಡ. ರಾತ್ರಿ ಹೊರಳಾಡುವವರು ಯೋಗನಿದ್ರೆ ಹಿಡಿಯಿರಿ, ಆಡಿಯೋ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಕ್ಲಾಸನ್ನು ನಾನು ಪೂರ್ತಿ ಬಿಟ್ಟಿಲ್ಲ, ಮಗನಿಗೆ ಡಬ್ಬಿ ಇಲ್ಲದ ಭಾನುವಾರ ಮಾತ್ರ ಹೋಗುತ್ತೇನೆ. ಶವಾಸನದಲ್ಲಿ ಈಗ ಚಿತ್ರಾನ್ನ ಬರುವುದಿಲ್ಲ.

ಎ4 ಹಾಳೆ ಇನ್ನೂ ಪ್ರಿಂಟರ್ ಪಕ್ಕದಲ್ಲೇ ಇದೆ. ನಿನ್ನೆ ಎರಡು ಗೀಟು. ಅದರಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಫೋನಿನಲ್ಲಿ ನನ್ನ ತಮ್ಮನಿಗೆ ಬೈದದ್ದು ಅದು, ಗಿರಾಕಿಗಲ್ಲ. "ಅವರ್ದೂ ಜೆರಾಕ್ಸ್ ಇತ್ತಲ್ಲ ಅಕ್ಕ" ಅಂತಾಳೆ ಹುಡುಗಿ.