ಮನೆ ಪತ್ರಕ್ಕೆ ಕೌಂಟಿ ಕಚೇರಿ: ಕೌಂಟರಾ, ಅಂಚೆಯಾ, ಆನ್‌ಲೈನಾ?

ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಮನೆಯನ್ನು ನಮ್ಮದೇ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಗೆಂದು ಮಾಡಿಕೊಳ್ಳುವ ಟ್ರಸ್ಟ್) ಹೆಸರಿಗೆ ಬರೆಸಿದೆವು. ನಾಳೆ ನಮಗೇನಾದರೂ ಆದರೆ ಮಕ್ಕಳು ಸತ್ತವರ ಆಸ್ತಿ ಇತ್ಯರ್ಥ ಮಾಡುವ ಪ್ರೊಬೇಟ್ ಕೋರ್ಟಿಗೆ ಅಲೆಯಬಾರದು ಅನ್ನೋ ಆಸೆ. ಇದಕ್ಕೆ ಹಳೇ ಪತ್ರ ಹುಡುಕಬೇಕು, ಹೊಸದನ್ನು ದಾಖಲಿಸಬೇಕು. ಎರಡೂ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ರೆಕಾರ್ಡರ್ ಕಚೇರಿಯ ಕೆಲಸ. ನಮ್ಮೂರಿನ ಸಬ್ ರಿಜಿಸ್ಟ್ರಾರ್ ಆಫೀಸ್ ಇದ್ದ ಹಾಗೆ ಅನ್ನಿ. ಆದರೆ ಇಲ್ಲಿ ಬರೆದುಕೊಟ್ಟವರೇ ಬಂದು ಹೆಬ್ಬೆಟ್ಟು, ಫೋಟೊ ಕೊಡಬೇಕಿಲ್ಲ. ನೋಟರಿ ಮುಂದೆ ಸಹಿ ಮಾಡಿದ ಪತ್ರ ಕಚೇರಿ ತಲುಪಿದರೆ ಸಾಕು. ಹಾಗಾಗಿಯೇ ಇಷ್ಟೊಂದು ದಾರಿಗಳು.

ಮೊದಲು ಹುಡುಕಾಟ. ಕೌಂಟಿಯ ವೆಬ್‌ಸೈಟಿನಲ್ಲಿ ಗ್ರ್ಯಾಂಟರ್-ಗ್ರ್ಯಾಂಟೀ ಇಂಡೆಕ್ಸ್ ಇದೆ. ಕೊಟ್ಟವರು ಯಾರು, ಪಡೆದವರು ಯಾರು ಅನ್ನೋ ಪಟ್ಟಿ ಅದು. ದುಡ್ಡಿಲ್ಲ, ರಾತ್ರಿ ಹನ್ನೊಂದಕ್ಕೂ ನೋಡಬಹುದು. ಆದರೆ ನಮ್ಮ ಕೌಂಟಿಯ ಪಟ್ಟಿಯಲ್ಲಿ ವಿಳಾಸ ಹಾಕಿ ಹುಡುಕಲು ಬರುವುದಿಲ್ಲ, ಹೆಸರೇ ಬೇಕು. ಕನ್ನಡದವರಿಗೆ ತೊಡಕು ಶುರುವಾಗುವುದೇ ಇಲ್ಲಿ. ನಾನು ಹಳೇ ಮೈಸೂರು ಕಡೆಯವನು. ನಮಗೆ ಮನೆತನದ ಹೆಸರಿಲ್ಲ. ಊರು, ಅಪ್ಪನ ಹೆಸರು, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿದೆ. ಆ ಹೆಸರು ಹಾಕಿ ಒಂದು ಗಂಟೆ ಹುಡುಕಿದೆ. ನಮ್ಮ ಮನೆ ಪತ್ರ ಇಲ್ಲವೇ ಇಲ್ಲ! ಎದೆ ಧಸಕ್ ಅಂದಿತು. "ರೀ, ಉಲ್ಟಾ ಹಾಕಿ ನೋಡಿ" ಅಂದಳು ಹೆಂಡತಿ. ಹಾಕಿದೆ, ಸಿಕ್ಕಿತು. ಕೊಂಡಾಗ ಪತ್ರ ಬರೆದವರು ನನ್ನ ಹೆಸರನ್ನೇ ಸರ್‌ನೇಮ್ ಅಂದುಕೊಂಡು ಕೊನೆಗೆ ಹಾಕಿದ್ದರು. ಅವಳದಂತೂ ತವರಿನ ಹೆಸರಲ್ಲೇ ಇತ್ತು.

ಇದು ಸುಮ್ನೆ ಬಿಡುವ ವಿಷಯವಲ್ಲ. ಹೊಸ ಪತ್ರದಲ್ಲಿ ಈಗಿನ ಹೆಸರನ್ನಷ್ಟೇ ಬರೆದರೆ ಹಳೇ ಪತ್ರಕ್ಕೂ ಹೊಸದಕ್ಕೂ ಕೊಂಡಿ ತಪ್ಪುತ್ತದೆ. ಅದಕ್ಕೆ ವಕೀಲರು ನಮ್ಮಿಬ್ಬರ ಹೆಸರಿನ ಮುಂದೂ "ಇಂಥ ಹೆಸರಿನಲ್ಲಿ ಹಕ್ಕು ಪಡೆದವರು" ಅಂತ ಹಳೇ ಹೆಸರನ್ನೂ ಸೇರಿಸಿದರು.

ವೆಬ್‌ಸೈಟಿನಲ್ಲಿ ಪತ್ರದ ಸಂಖ್ಯೆ, ತಾರೀಖು ಸಿಗುತ್ತದೆ, ಪತ್ರ ಕಾಣುವುದಿಲ್ಲ. ಅದಕ್ಕೆ ಕಚೇರಿಗೇ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಇಡೀ ಪತ್ರ ಓದಬಹುದು, ಕೆಲವೇ ಡಾಲರಿಗೆ ನಕಲು ಪಡೆಯಬಹುದು. ಊರಿನ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ ಅಂತ ಚಕ್ಕುಬಂದಿ ಇರುತ್ತದಲ್ಲ, ನಮ್ಮ ಪತ್ರದಲ್ಲಿ ಅದರ ಬದಲು ಲಾಟ್ (ಸೈಟು) ಸಂಖ್ಯೆ, ಟ್ರ್ಯಾಕ್ಟ್ (ಬಡಾವಣೆ) ಸಂಖ್ಯೆ, ಮ್ಯಾಪ್ ಪುಸ್ತಕದ ಪುಟ ಇದ್ದವು. ಹೊಸ ಪತ್ರಕ್ಕೆ ಅದನ್ನು ಅಕ್ಷರ ಬಿಡದೆ ಇಳಿಸಬೇಕು. ತೆರಿಗೆ ಬಿಲ್ಲಿನ ಪಾರ್ಸೆಲ್ ನಂಬರ್ ಒಂದೇ ಸಾಲದು.

ಮೂರನೇ ದಾರಿಯೊಂದಿದೆ, ಅದು ಬೇಡ. ಮನೆ ಕೊಂಡ ಹೊಸದರಲ್ಲಿ ಸರ್ಕಾರಿ ನೋಟಿಸಿನ ಥರ ಕಾಣುವ ಕಾಗದವೊಂದು ಬಂತು: ನಿಮ್ಮ ಪತ್ರದ ನಕಲು ಕೊಡುತ್ತೇವೆ, ಸುಮಾರು ನೂರು ಡಾಲರ್ ಕಳಿಸಿ. ಕಳಿಸಿಬಿಟ್ಟಿದ್ದೆ. ಬಂದಿದ್ದು ಕೌಂಟಿಯಲ್ಲಿ ಕೆಲವೇ ಡಾಲರಿಗೆ ಸಿಗುವ ಅದೇ ನಕಲು. ಹೊಸದಾಗಿ ಮನೆ ಕೊಂಡ ಗೆಳೆಯರಿಗೆಲ್ಲ ಇದನ್ನು ಹೇಳುತ್ತಲೇ ಇರುತ್ತೇನೆ.

ಇನ್ನು ದಾಖಲಿಸುವುದು. ಮೊದಲು ಅಂಚೆಯಲ್ಲಿ ಕಳಿಸಿದೆವು. ರಜೆ ಹಾಕಬೇಕಿಲ್ಲ, ಪಾರ್ಕಿಂಗ್ ಹುಡುಕಬೇಕಿಲ್ಲ. ಸುಮಾರು ಮೂರು ವಾರಕ್ಕೆ ನಾವೇ ಇಟ್ಟ ಲಕೋಟೆಯಲ್ಲಿ ಪತ್ರ ವಾಪಸ್ ಬಂತು. ನೋಟರಿಯ ಮೊಹರು ಒಂದು ಮೂಲೆಯಲ್ಲಿ ಕಲಸಿಹೋಗಿದೆ, ಸ್ಕ್ಯಾನಿನಲ್ಲಿ ಮೂಡುವುದಿಲ್ಲ ಅಂತ ಚೀಟಿ. ಮತ್ತೆ ನೋಟರಿ ಹತ್ತಿರ ಹೋಗಿ ಇಬ್ಬರ ಸಹಿಗೆ 30 ಡಾಲರ್ ಕೊಟ್ಟೆವು. ಇಲ್ಲಿ ಒಂದು ಸಹಿಗೆ ಹೆಚ್ಚೆಂದರೆ 15.

ಎರಡನೇ ಸಲ ನಾನೇ ಕೌಂಟರಿಗೆ ಹೋದೆ. ಒಳಗಿದ್ದ ಹೆಂಗಸು ಪತ್ರವನ್ನು ಗಾಜಿನ ಹತ್ತಿರ ಹಿಡಿದು ಮೊಹರು ನೋಡಿದರು. ಮೊದಲ ಪುಟದ ಬಲ ಮೇಲ್ಮೂಲೆ ಖಾಲಿ ಇದೆಯಾ ಅಂತ ಬೆರಳಿಟ್ಟು ನೋಡಿದರು, ಕಚೇರಿಯ ಮುದ್ರೆಗೆ ಆ ಜಾಗ ಬೇಕು. ವರ್ಗಾವಣೆ ತೆರಿಗೆ ಯಾಕೆ ಇಲ್ಲ ಅನ್ನೋ ಸಾಲು ಓದಿದರು. ಮಾರಾಟವಾಗಿದ್ದರೆ ಸಾವಿರ ಡಾಲರಿಗೆ 1.10 ಡಾಲರ್ ಕೌಂಟಿ ತೆರಿಗೆ. ನಮ್ಮದು ದುಡ್ಡು ಕೈ ಬದಲಾಗದ ಟ್ರಸ್ಟ್ ವರ್ಗ, ಹಾಗಾಗಿ ಇಲ್ಲ. ಕೊನೆಗೆ ಮಾಲೀಕತ್ವ ಬದಲಾವಣೆಯ ಫಾರಂ ತಿರುಗಿಸಿ, "ಇಲ್ಲಿ ಗುರುತು ಹಾಕಿಲ್ಲ ನೀವು" ಅಂದರು. ರಿವೊಕಬಲ್ ಟ್ರಸ್ಟಿಗೆ, ಅಂದರೆ ನಮ್ಮದರ ಹಾಗೆ ಬೇಕೆಂದಾಗ ರದ್ದು ಮಾಡಬಹುದಾದ ಟ್ರಸ್ಟಿಗೆ, ವರ್ಗ ಅನ್ನೋ ಚೌಕ ಖಾಲಿ ಇತ್ತು. ಅಲ್ಲೇ ಪೆನ್ ಕೊಟ್ಟರು.

ಆ ಒಂದು ಗುರುತಿಗೆ ಬೆಲೆ ಜಾಸ್ತಿ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಅನ್ನೋ ಕಾನೂನಿನಿಂದಾಗಿ ಇಲ್ಲಿ ಆಸ್ತಿ ತೆರಿಗೆಗೆ ಹಿಡಿಯುವ ಮನೆ ಬೆಲೆ ಸಾಮಾನ್ಯವಾಗಿ ವರ್ಷಕ್ಕೆ 2 ಶೇಕಡಕ್ಕಿಂತ ಹೆಚ್ಚು ಏರುವಂತಿಲ್ಲ. ಮಾಲೀಕರು ಬದಲಾದರೆ ಇವತ್ತಿನ ಬೆಲೆ ಕಟ್ಟುತ್ತಾರೆ. ನಮ್ಮದೇ ರಿವೊಕಬಲ್ ಟ್ರಸ್ಟಿಗೆ ಕೊಟ್ಟರೆ ಅದು ಬದಲಾವಣೆ ಅಲ್ಲ, ಆದರೆ ಅದನ್ನು ನಾವೇ ತಿಳಿಸಬೇಕು. ಗುರುತು ಹಾಕಿ ಕೊಟ್ಟೆ, ಇಪ್ಪತ್ತು ನಿಮಿಷದಲ್ಲಿ ಪತ್ರಕ್ಕೆ ದಾಖಲೆ ಸಂಖ್ಯೆ ಬಿತ್ತು.

ಪಕ್ಕದ ಕೌಂಟಿಯಲ್ಲಿ ಬಾಡಿಗೆಗೆ ಕೊಟ್ಟ ಸಣ್ಣ ಕಾಂಡೋ (ಫ್ಲಾಟ್) ಒಂದಿದೆ. ಅದರ ಪತ್ರ ಅಲ್ಲೇ ದಾಖಲಾಗಬೇಕು, ಹೋಗಿ ಬರಲು ಅರ್ಧ ದಿನ. ಅದನ್ನು ವಕೀಲರ ಕಡೆಯಿಂದ ಇ-ರೆಕಾರ್ಡಿಂಗ್, ಅಂದರೆ ಆನ್‌ಲೈನಿನಲ್ಲೇ ದಾಖಲು, ಮಾಡಿಸಿದೆವು. ಮನೆಯಲ್ಲಿ ಕೂತು ನಾವೇ ನೇರವಾಗಿ ಕಳಿಸಲು ಬರಲಿಲ್ಲ, ಒಪ್ಪಿಗೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕಿತ್ತು. ಬೆಳಿಗ್ಗೆ ಹೋದ ಪತ್ರ ಸಂಜೆಗೆ ಮುದ್ರೆ ಸಮೇತ ಇಮೇಲಿಗೆ ಬಂತು, ಮೂಲ ಕಾಗದ ನಮ್ಮ ಹತ್ತಿರವೇ ಉಳಿಯಿತು. ಸಂಸ್ಥೆಗೊಂದಿಷ್ಟು ಶುಲ್ಕ. ಅದರ ಮೇಲೆ, ನಾವು ವಾಸವಿಲ್ಲದ ಕಾಂಡೋ ಆದ್ದರಿಂದ ಪತ್ರ ದಾಖಲಿಸುವಾಗ ರಾಜ್ಯದ ವಸತಿ ಯೋಜನೆಗೆಂದು ಹಾಕುವ, 2018ರಿಂದ ಬಂದ 75 ಡಾಲರ್ ಶುಲ್ಕವೂ ಬಿತ್ತು. ಅದು ಯಾವ ದಾರಿಯಲ್ಲಿ ಹೋಗಿದ್ದರೂ ಬೀಳುತ್ತಿತ್ತು. ನಾವಿರುವ ಮನೆಗೆ ವಿನಾಯಿತಿ ಸಿಕ್ಕಿತ್ತು, ಅದನ್ನೂ ಪತ್ರದ ಮೇಲೆ ಬರೆದಿದ್ದಕ್ಕೆ.

ನನ್ನನ್ನು ಕೇಳಿದರೆ, ಪತ್ರದ ಸಂಖ್ಯೆ ಹುಡುಕಲು ವೆಬ್‌ಸೈಟು, ಓದಲು ಕಚೇರಿ. ದಾಖಲಿಸಲು ಕೌಂಟರೇ ಸೈ, ಅದರಲ್ಲೂ ಮೊದಲ ಸಲ. ದೂರದ ಕೌಂಟಿಯಾದರೆ ಇ-ರೆಕಾರ್ಡಿಂಗಿಗೆ ದುಡ್ಡು ಕೊಡಿ. ಅಂಚೆಗೆ ನಾನಂತೂ ಮತ್ತೆ ಹೋಗಲ್ಲ.

ಎರಡು ವಾರ ಬಿಟ್ಟು ಇಂಡೆಕ್ಸ್ ತೆರೆದು ಇಬ್ಬರ ಹೆಸರನ್ನೂ ನೇರವಾಗಿ ಒಮ್ಮೆ, ಉಲ್ಟಾ ಒಮ್ಮೆ ಹಾಕಿ ನೋಡಿದೆ. ಅವಳ ತವರಿನ ಹೆಸರನ್ನೂ ಹಾಕಿದೆ. ಯಾವುದರಲ್ಲಿ ಹುಡುಕಿದರೂ ಹೊಸ ಪತ್ರ ಬಂತು.