ಹಳೇ ಮಿಲ್ಲಿಂಗ್ ಮಷೀನಿಗೆ ಎಟಿಸಿ ಕಿಟ್: ಕೆರೊಸೆಲ್ ಆಮೇಲೆ, ಮೊದಲು ಡ್ರಾಬಾರ್ ನೋಡಿ

ಆರ್8 (ಒಂದು ಬಗೆಯ ಟೇಪರ್) ಸ್ಪಿಂಡಲ್ ಇರುವ ಹಳೇ ಮಿಲ್ಲಿಂಗ್ ಮಷೀನುಗಳಿಗೆಂದೇ ಸಿಗುವ ಎಟಿಸಿ (ಟೂಲನ್ನು ತಾನೇ ಬದಲಿಸುವ ಸಾಧನ) ಕಿಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಗಾಳಿಯಿಂದ ನಡೆಯುವ ಪವರ್ ಡ್ರಾಬಾರ್ (ಸ್ಪಿಂಡಲಿನೊಳಗೆ ಟೂಲನ್ನು ಮೇಲಕ್ಕೆ ಎಳೆದು ಹಿಡಿಯುವ ಸರಳು), ಎಂಟೋ ಹತ್ತೋ ಟೂಲ್ ಹಿಡಿದು ತಿರುಗುವ ತಟ್ಟೆ, ಅಂದರೆ ಕೆರೊಸೆಲ್, ಮತ್ತೆ ವಾಲ್ವ್, ಸೆನ್ಸರ್, ವೈರಿಂಗ್. ಟೂಲ್ ಕೂರುವ ಹೋಲ್ಡರುಗಳು ಟಿಟಿಎಸ್ (ಟೊರ್ಮಾಕ್ ಕಂಪನಿಯ ಟೂಲಿಂಗ್ ಪದ್ಧತಿ) ಮಾದರಿಯವು. ಮುಕ್ಕಾಲು ಇಂಚಿನ, ಅಂದರೆ 19.05 ಮಿ.ಮೀ. ನೇರ ಶ್ಯಾಂಕನ್ನು (ಹೋಲ್ಡರಿನ ಕಾಂಡವನ್ನು) ಆರ್8 ಕಾಲೆಟ್, ಅಂದರೆ ಸೀಳಿರುವ ಹಿಡಿತದ ತೋಳು, ಹಿಡಿಯುತ್ತದೆ, ಹೋಲ್ಡರಿನ ಅಗಲ ಅಂಚಾದ ಫ್ಲೇಂಜ್ ಸ್ಪಿಂಡಲ್ ಮೂತಿಗೆ ಕೂರುತ್ತದೆ. ದೊಡ್ಡ ಸಿಎನ್‌ಸಿ ಮಷೀನುಗಳ ಬಿಟಿ ಟೇಪರಿನಲ್ಲಿರುವಂಥ ಡ್ರೈವ್ ಕೀ ಇದರಲ್ಲಿ ಇಲ್ಲದ್ದರಿಂದ ಸ್ಪಿಂಡಲನ್ನು ಒಂದೇ ಕೋನದಲ್ಲಿ ನಿಲ್ಲಿಸುವ ಗೊಡವೆ ಇಲ್ಲ. ಹಳೇ ಮಷೀನಿಗೆ ಇದು ದೊಡ್ಡ ಉಳಿತಾಯ.

ಕಿಟ್ಟಿನ ಯೋಗ್ಯತೆ ಗೊತ್ತಾಗುವುದು ಡ್ರಾಬಾರಿನಲ್ಲಿ. ಟೂಲನ್ನು ಹಿಡಿದಿಡುವುದು ಡಿಸ್ಕ್ ಸ್ಪ್ರಿಂಗುಗಳು, ಗಾಳಿ ಬಿಡಿಸಲಿಕ್ಕೆ ಮಾತ್ರ. ಕಂಪ್ರೆಸರ್ ನಿಂತರೂ ಟೂಲ್ ಬೀಳದಿರಲು ಇದೇ ಸರಿಯಾದ ಕ್ರಮ. 100 ಮಿ.ಮೀ. ಬೋರಿನ ಸಿಲಿಂಡರ್ 6 ಬಾರ್ ಒತ್ತಡದಲ್ಲಿ 4.7 ಕಿಲೋನ್ಯೂಟನ್ ಕೊಡುತ್ತದೆ. ಮೂರು ಹಂತ ಒಂದರ ಮೇಲೊಂದು ಇದ್ದರೆ ಲೆಕ್ಕಕ್ಕೆ 14. ಗಾಳಿ 5 ಬಾರ್‌ಗೆ ಇಳಿದರೆ ಅದೇ 11.8 ಆಗುತ್ತದೆ, ರಾಡಿನ ವಿಸ್ತೀರ್ಣ ಮತ್ತು ಸೀಲಿನ ಘರ್ಷಣೆ ಕಳೆದರೆ ಇನ್ನೂ ಕಡಿಮೆ. ಸ್ಪ್ರಿಂಗ್ ಬಿಗಿತ ಈ ಅಂಕಿಗೆ ತೀರ ಹತ್ತಿರವಿದ್ದರೆ ಬೆಳಗ್ಗೆ ಚೆನ್ನಾಗಿ ಬಿಡುವ ಟೂಲ್ ಮಧ್ಯಾಹ್ನ ಗಾಳಿ ಬಳಕೆ ಹೆಚ್ಚಾದಾಗ ಬಿಡುವುದಿಲ್ಲ. ಆದ್ದರಿಂದ ಪ್ರೆಶರ್ ಸ್ವಿಚ್ಚನ್ನು 5.5 ಬಾರ್‌ಗೆ ಹೊಂದಿಸಿ, ಅದಕ್ಕಿಂತ ಕೆಳಗಿದ್ದರೆ ಟೂಲ್ ಚೇಂಜ್ ಶುರುವೇ ಆಗದಂತೆ ಇಂಟರ್‌ಲಾಕ್ ಮಾಡಬೇಕು. ಕಿಟ್ಟಿನಲ್ಲಿ ಈ ಸ್ವಿಚ್ ಇಲ್ಲದಿದ್ದರೆ ಬೇರೆ ಕೊಳ್ಳಬೇಕು.

ಡಿಸ್ಕ್ ಸ್ಪ್ರಿಂಗುಗಳು ಬಿಡಿಬಿಡಿಯಾಗಿ ಬಂದರೆ ಜೋಡಣೆ ಎಣಿಸಿ ಮಾಡಿ. ಒಂದೇ ಮುಖಕ್ಕೆ ಪೇರಿಸಿದರೆ ಬಲ ಹೆಚ್ಚುತ್ತದೆ, ಎದುರುಬದುರು ಇಟ್ಟರೆ ಚಲನೆ ಹೆಚ್ಚುತ್ತದೆ. ಎದುರುಬದುರು ಇರಬೇಕಾದ ಕಡೆ ಒಂದು ಮಗುಚಿದರೂ ಚಲನೆ ಕಡಿಮೆಯಾಗಿ ಕಾಲೆಟ್ ಪೂರ್ತಿ ಬಿಚ್ಚುವುದಿಲ್ಲ. ಜೋಡಿಸಿದ ಮೇಲೆ ಒಟ್ಟು ಎತ್ತರ ಅಳೆದು ಡ್ರಾಯಿಂಗಿನ ಅಂಕಿಗೆ ತಾಳೆ ನೋಡಿ, ಗ್ರೀಸ್ ಹಚ್ಚಿಯೇ ಒಳಗೆ ಹಾಕಿ.

ಕಿಟ್ ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸಿಲಿಂಡರ್ ತೇಲುತ್ತದೆಯೋ (ಮೇಲೆ ಕೆಳಗೆ ಸರಿಯಲು ಬಿಟ್ಟಿದೆಯೋ), ಹೆಡ್ಡಿಗೆ ಗಟ್ಟಿಯಾಗಿ ಬೋಲ್ಟ್ ಆಗುತ್ತದೆಯೋ? ಗಟ್ಟಿ ಕೂತರೆ ಒಂದು ಟನ್ನಿಗೂ ಮಿಕ್ಕಿದ ಒತ್ತಡ ಪ್ರತಿ ಸಲವೂ ಸ್ಪಿಂಡಲ್ ಬೇರಿಂಗಿನ ಮೇಲೆ ಬೀಳುತ್ತದೆ. ಹಳೇ ಬೇರಿಂಗಿನ ದಾರಿಯಲ್ಲಿ ಗುಂಡುಗಳ ಅಚ್ಚು ಮೂಡಲು ಇಷ್ಟು ಸಾಕು. ಒಳ್ಳೆಯ ಕಿಟ್ಟಿನಲ್ಲಿ ಸಿಲಿಂಡರಿನ ಜತೆ ಎರಡು ಕೊಕ್ಕೆಗಳಿದ್ದು, ಸ್ಪಿಂಡಲ್ ಮೇಲಿನ ಕಾಲರನ್ನು ಕೆಳಗಿನಿಂದ ಹಿಡಿಯುತ್ತವೆ. ಪಿಸ್ಟನ್ ಕೆಳಗೆ ಒತ್ತಿದಷ್ಟೇ ಕೊಕ್ಕೆ ಮೇಲಕ್ಕೆ ಎಳೆಯುತ್ತದೆ, ಬಲ ಸ್ಪಿಂಡಲಿನೊಳಗೇ ಮುಗಿಯುತ್ತದೆ. ಪರೀಕ್ಷೆ ಸುಲಭ. ಸ್ಪಿಂಡಲ್ ಮೂತಿಗೆ ಕೆಳಗಿನಿಂದ ಡಯಲ್ ಇಟ್ಟು ಅನ್‌ಕ್ಲ್ಯಾಂಪ್ ಒತ್ತಿ. ಮುಳ್ಳು 0.01 ಮಿ.ಮೀ. ಒಳಗೆ ಅಲುಗಿದರೆ ನೆಮ್ಮದಿ. 0.05 ಓಡಿತೆಂದರೆ ಕೊಕ್ಕೆಗೆ ಮುಂಚೆ ಬೇರಿಂಗ್ ಭಾರ ಹೊರುತ್ತಿದೆ ಎಂದರ್ಥ. ಸ್ಪಿಂಡಲ್ ತಿರುಗುವಾಗ ಕೊಕ್ಕೆಗೂ ಕಾಲರಿಗೂ ನಡುವೆ ಅರ್ಧ ಮಿ.ಮೀ. ಸಂದು ಉಳಿಯಬೇಕು. ಹಾಗೆ ಉಳಿಸುವ ರಿಟರ್ನ್ ಸ್ಪ್ರಿಂಗ್ ಬಲಹೀನವಾಗಿದ್ದರೆ ತಿರುಗುವಾಗ ಕೀರಲು ಸದ್ದು ಕೇಳಿಸುತ್ತದೆ, ತಡಮಾಡದೆ ಬದಲಿಸಿ.

ಟೂಲ್ ಜಾರುವುದು ಟಿಟಿಎಸ್ ಮಾದರಿಯ ನಿಜವಾದ ದೌರ್ಬಲ್ಯ. ಶ್ಯಾಂಕ್ ನಿಂತಿರುವುದು ಬರೀ ಘರ್ಷಣೆಯ ಮೇಲೆ. ಹೆಲಿಕ್ಸ್ ಇರುವ ಎಂಡ್ ಮಿಲ್ ಉಕ್ಕಿನಲ್ಲಿ ಆಳವಾಗಿ ಕೊರೆಯುವಾಗ ಹೋಲ್ಡರನ್ನು ಕೆಳಕ್ಕೆ ಎಳೆಯುತ್ತದೆ, ಪಾಕೆಟ್ ತಳ ನೋಡನೋಡುತ್ತ ಆಳವಾಗುತ್ತದೆ. ಕಾಲೆಟಿನ ಹೊರಗಿನ ಟೇಪರಿಗೆ ತೆಳುವಾಗಿ ಆ್ಯಂಟಿ ಸೀಜ್ (ಅಂಟಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ, ಒಳಗಿನ ರಂಧ್ರವನ್ನೂ ಶ್ಯಾಂಕನ್ನೂ ಪೂರ್ತಿ ಒಣಗಿಸಿ. ಇದನ್ನು ಅದಲು ಬದಲು ಮಾಡಿದವರೇ ಜಾಸ್ತಿ. ಇನ್ನೊಂದು, ಮಾಮೂಲಿ ಆರ್8 ಕಾಲೆಟಿನ ತುದಿ ಸ್ಪಿಂಡಲ್ ಮೂತಿಗಿಂತ ಹೊರಗೆ ಇಣುಕುತ್ತದೆ. ಆಗ ಫ್ಲೇಂಜ್ ಮೂತಿಗೆ ತಾಗುವುದೇ ಇಲ್ಲ, ಉದ್ದ ಪ್ರತಿಸಲ ಬೇರೆ ಬರುತ್ತದೆ. ತುದಿ ಗ್ರೈಂಡ್ ಮಾಡಿ ಗಿಡ್ಡಗೊಳಿಸಿದ ಕಾಲೆಟ್ ಕಿಟ್ಟಿನಲ್ಲಿದೆಯೇ ನೋಡಿ. 12 ಮಿ.ಮೀ. ಎಂಡ್ ಮಿಲ್‌ವರೆಗೆ ನಿಶ್ಚಿಂತೆಯಿಂದ ಬಳಸಬಹುದು, ಅದಕ್ಕೂ ದಪ್ಪದ ರಫಿಂಗಿಗೆ ಈ ಹೋಲ್ಡರ್ ನಮ್ಮ ಆಯ್ಕೆಯಲ್ಲ.

ಫ್ಲೇಂಜಿಗೂ ಸ್ಪಿಂಡಲ್ ಮೂತಿಗೂ ನಡುವೆ ಸಿಕ್ಕಿಕೊಳ್ಳುವ ಚಿಪ್ಸ್ (ಲೋಹದ ಚೂರು) ಚಿಕ್ಕ ವಿಷಯವೆಂದು ಬಿಡಬೇಡಿ. ಫ್ಲೇಂಜ್ 38 ಮಿ.ಮೀ. ಇದ್ದು, ಒಂದು ಅಂಚಿನಲ್ಲಿ 0.05 ಮಿ.ಮೀ. ಚೂರು ಕೂತರೆ, 80 ಮಿ.ಮೀ. ಕೆಳಗಿನ ಟೂಲ್ ತುದಿ ಹತ್ತಿರ ಹತ್ತಿರ 0.1 ಮಿ.ಮೀ. ವಾಲುತ್ತದೆ. ಏರ್ ಬ್ಲಾಸ್ಟ್ ನಾಜಲ್ ಮೂತಿಗೆ ಗುರಿಯಿಟ್ಟಿರಲಿ, ಹೆಡ್ ಮೇಲೇಳುವ ಹೊತ್ತಿನಿಂದ ಹೊಸ ಟೂಲ್ ಒಳಹೋಗುವವರೆಗೂ ಊದುತ್ತಿರಲಿ.

ಕೆರೊಸೆಲ್ ಬಗ್ಗೆ ದೂರು ಕಡಿಮೆ. ಅದನ್ನು ಹಂತಹಂತವಾಗಿ ತಿರುಗಿಸುವ ಜಿನೀವಾ ಗಾಲಿ ಪ್ರತಿ ಮನೆಯಲ್ಲೂ (ಟೂಲ್ ಕೂರುವ ಜಾಗದಲ್ಲೂ) ತಾನೇ ಲಾಕ್ ಆಗುತ್ತದೆ, ಪ್ಲಾಸ್ಟಿಕ್ ಫೋರ್ಕುಗಳು ಹೋಲ್ಡರನ್ನು ಗೀರುವುದಿಲ್ಲ. ಅಲೈನ್‌ಮೆಂಟನ್ನು ಡ್ರಾಬಾರ್ ತೆರೆದಿಟ್ಟೇ ಮಾಡಿ: ಹೋಲ್ಡರ್ ಮೇಲೇರುವಾಗ ಫೋರ್ಕ್ ಕೂದಲೆಳೆಯಷ್ಟೂ ಬಾಗಬಾರದು. ಒಂದು ಮನೆಯಲ್ಲಿ ಅಗಲವಾದ ಫೇಸ್ ಮಿಲ್ ಇದ್ದರೆ ಅದರ ಎರಡೂ ಬದಿ ಖಾಲಿ ಬಿಡಬೇಕಾದೀತು.

ಸೆನ್ಸರುಗಳದ್ದೇ ಜಿಪುಣತನ. ಡ್ರಾಬಾರಿಗೆ ಒಂದೇ ಕೊಟ್ಟಿರುತ್ತಾರೆ, ಬೇಕಿರುವುದು ಎರಡು: ಟೂಲ್ ಬಿಟ್ಟಿದೆ ಎನ್ನಲು ಒಂದು, ಪಿಸ್ಟನ್ ಹಿಂದೆ ಸರಿದಿದೆ ಎನ್ನಲು ಇನ್ನೊಂದು. ಎರಡನೆಯದಿಲ್ಲದೆ ಸ್ಪಿಂಡಲ್ ಶುರುವಾದರೆ ಡ್ರಾಬಾರ್ ತಲೆ ಪಿಸ್ಟನ್ನಿಗೆ ಉಜ್ಜಿ ನೀಲಿಗಟ್ಟುತ್ತದೆ. ಜತೆಗೆ ವಿಎಫ್‌ಡಿಯಿಂದ (ಮೋಟರಿನ ವೇಗ ನಿಯಂತ್ರಕದಿಂದ) ಶೂನ್ಯ ವೇಗದ ಸಿಗ್ನಲ್ ಬಾರದೆ ಅನ್‌ಕ್ಲ್ಯಾಂಪ್ ವಾಲ್ವ್ ತೆರೆಯಕೂಡದು. ಸೆನ್ಸರ್ ಕೇಬಲ್ ಶೀಲ್ಡ್ ಇರುವುದೇ ಇರಲಿ, ಮೋಟರ್ ಕೇಬಲಿನಿಂದ ದೂರ ಹಾಯಿಸಿ, 24 ವೋಲ್ಟ್ ಡಿಸಿ ಕಾಯಿಲ್ಲುಗಳಿಗೆ ಡಯೋಡ್ ಹಾಕಿ. ಇಲ್ಲದಿದ್ದರೆ ಕೆರೊಸೆಲ್ ಒಂದು ಮನೆ ಹೆಚ್ಚು ಎಣಿಸಿ ತಪ್ಪು ಟೂಲ್ ಕೊಡುತ್ತದೆ. ಮಷೀನ್ ನಡೆಸಲು ಲಿನಕ್ಸ್‌ಸಿಎನ್‌ಸಿ ತಂತ್ರಾಂಶ ಬಳಸುವವರಿಗೆ ಎಂ6 (ಟೂಲ್ ಬದಲಿಸುವ ಆಜ್ಞೆ) ರೀಮ್ಯಾಪ್ ಮತ್ತು ಕೆರೊಸೆಲ್ ಕಾಂಪೊನೆಂಟ್ ಸಿದ್ಧವಿವೆ. ಪ್ರತಿ ಹಂತಕ್ಕೂ ಟೈಮ್‌ಔಟ್ ಬರೆಯುವುದು ಮಾತ್ರ ನಿಮ್ಮ ಪಾಲಿನ ಕೆಲಸ.

ಯಾವ ಮಷೀನಿಗೆ ಹೊಂದುತ್ತದೆ? ಇಡೀ ಹೆಡ್ ಝಡ್‌ನಲ್ಲಿ ಏರಿಳಿಯುವ ಬೆಡ್ ಮಿಲ್ಲಿಗೆ ಧೈರ್ಯವಾಗಿ ಕೊಳ್ಳಬಹುದು. ಮೇಲೆ ಶ್ಯಾಂಕಿನ ಉದ್ದಕ್ಕಿಂತ 10 ಮಿ.ಮೀ. ಹೆಚ್ಚು ಸ್ಟ್ರೋಕ್ ಉಳಿದಿದ್ದರೆ ಸಾಕು. ಬ್ರಿಡ್ಜ್‌ಪೋರ್ಟ್ ಮಾದರಿಯ ನೀ ಮಿಲ್ಲಿನ ಕತೆ ಬೇರೆ. ಅಲ್ಲಿ ಕ್ವಿಲ್ (ಹೆಡ್ಡಿನೊಳಗೆ ಸ್ಪಿಂಡಲನ್ನು ಹೊತ್ತು ಏರಿಳಿಯುವ ಕೊಳವೆ) ಇಳಿದರೆ ಸ್ಪಿಂಡಲ್ ಜತೆ ಡ್ರಾಬಾರ್ ತಲೆಯೂ ಇಳಿದು ಸಿಲಿಂಡರಿಗೆ ಎಟುಕದೆ ಹೋಗುತ್ತದೆ. ಟೂಲ್ ಬಿಡುವುದು ಕ್ವಿಲ್ ಪೂರ್ತಿ ಮೇಲಿದ್ದಾಗ ಮಾತ್ರ, ಹಾಗಾಗಿ ಕೆರೊಸೆಲ್ಲೇ ಮೇಲೆ ಕೆಳಗೆ ಚಲಿಸಬೇಕು. ಆ ಸೌಲಭ್ಯವಿಲ್ಲದ ಕಿಟ್ಟಿನಲ್ಲಿ ನೀ ಮಿಲ್ ಇರುವವರು ಪವರ್ ಡ್ರಾಬಾರ್ ಮಾತ್ರ ತೆಗೆದುಕೊಂಡು, ಟೂಲನ್ನು ಕೈಯಲ್ಲೇ ಬದಲಿಸುವುದು ಒಳ್ಳೆಯದು. ಸ್ಪ್ಯಾನರ್ ಹಿಡಿದು ಡ್ರಾಬಾರ್ ಸಡಿಲಿಸಿ ತಲೆಗೆ ಕುಟ್ಟುವ ಕೆಲಸ ಅಷ್ಟರಿಂದಲೇ ತಪ್ಪುತ್ತದೆ.